ಆಷಾಢಕ್ಕೊಮ್ಮೆ ಇಂಗ್ಲಿಷ್ ಪದ

ನಮ್ಮ ಇಂಗ್ಲಿಷ್ ಸರ್‌ಗೆ ಹಾಡಲು ಬರುತ್ತಿರಲಿಲ್ಲ. ಊದಲು ಬರುತ್ತಿರಲಿಲ್ಲ, ಬಾರಿಸಲೂ ಬರುತ್ತಿರಲಿಲ್ಲ. ಹಾರ್ಮೋನಿಯಂ ಮುಂದೆ ಕೂಡಿಸಿದರೆ ಯಾವ ಕೈಯಿಂದ ಗಾಳಿ ಹಾಕಬೇಕು ಎನ್ನುವುದರಲ್ಲೇ ಬೆಳಗು ಕಳೆದುಬಿಡುತ್ತಿದ್ದರು. ಬರುತ್ತಿದ್ದುದು ಸಿಳ್ಳೆ ಹೊಡೆಯುವುದೊಂದೇ. ಆ ಒಂದು ಸಿಳ್ಳೆಯ ಧೈರ್ಯದ ಮೇಲೆ ಅವರು ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಕವಿತೆಗಳಿಗೆ ರಾಗ ಹಾಕಲು ಹೊರಟರು. ಅದೂ ಲಿಂಗಸುಗೂರಿನಲ್ಲಿ ಕೂತುಕೊಂಡು, ಮಸ್ಕಿಯ ಒಂದು ಸನಾದಿ, ಸಿಂಧನೂರಿನ ಒಂದು ಕ್ಲಾರಿನೆಟ್ಟು ಮತ್ತು ನನ್ನ ಗಂಟಲನ್ನು ನಂಬಿಕೊಂಡು.

ಹೋದ ಶ್ರಾವಣದಲ್ಲಿ ಅವರು ತಮ್ಮ ಊರು ಪಾಮನಕಲ್ಲೂರಿನಲ್ಲಿ ತೀರಿಕೊಂಡರು. ಸುದ್ದಿ ನನಗೆ ತಲುಪಿದ್ದು ನಾಲ್ಕು ದಿನ ತಡವಾಗಿ. ಅವರ ಬಗ್ಗೆ ಬರೆಯಬೇಕು ಎಂದು ಕೂತಾಗ ಹೆಸರು ಹಾಕಲು ಕೈ ಬರಲಿಲ್ಲ. ಸನ್ಮಾನ, ಪೇಪರಿನಲ್ಲಿ ಫೋಟೋ ಎಂದು ಯಾರಾದರೂ ಬಾಯಿ ತೆಗೆದರೆ, "ನನ್ನ ಹೆಸರು ಹಾಜರಿ ಬುಕ್ಕಿನಾಗ ಐತಿ, ಅಷ್ಟ ಸಾಕು" ಎಂದುಬಿಡುತ್ತಿದ್ದರು. ಹುಡುಗರು ಇಟ್ಟ ಹೆಸರು ಪೀಪಿ ಸರ್. ಅದು ಅವರಿಗೆ ಗೊತ್ತಿತ್ತು, ಒಳಗೊಳಗೇ ಇಷ್ಟವೂ ಆಗಿತ್ತು ಎಂದು ನನ್ನ ಗುಮಾನಿ.

ಅವರಿದ್ದ ಲಿಂಗಸುಗೂರಿನ ಜೂನಿಯರ್ ಕಾಲೇಜಿನಲ್ಲೇ ನಾನು ಕನ್ನಡ ಕಲಿಸುತ್ತಿದ್ದೆ. ಎಂಬತ್ತರ ದಶಕದ ನಡುವಿನ ಮಾತು. ಒಂದು ದಿನ ಸ್ಟಾಫ್ ರೂಮಿನಲ್ಲಿ ನನ್ನ ಎದುರಿನ ಕುರ್ಚಿ ಎಳೆದುಕೊಂಡು ಕೂತು, "ತಂಗೀ, ಲಘು ಗುರು ನನಗ ಇನ್ನೊಮ್ಮೆ ಹೇಳವ್ವಾ" ಎಂದರು. ನನಗಿಂತ ಹದಿನೈದು ವರ್ಷ ದೊಡ್ಡವರು, ಹೈದರಾಬಾದಿನಲ್ಲಿ ಎಂ.ಎ. ಮಾಡಿ ಬಂದವರು, ಪಿಯುಸಿ ಹುಡುಗನ ಹಾಗೆ ನೋಟ್‌ಬುಕ್ ತೆರೆದು ಕೂತಿದ್ದರು. ಹೇಳಿದೆ. ಕೇಳಿಸಿಕೊಂಡು ಬಲಗಿವಿಯ ಹಾಲೆ ಹಿಡಿದು ಜಗ್ಗಿದರು. ಏನಾದರೂ ಹೊಳೆದರೆ ಹಾಗೆ ಜಗ್ಗುವುದು ಅವರ ಅಭ್ಯಾಸ. "ಅಂದ್ರ ನಮ್ಮ ಇಂಗ್ಲಿಷ್ ಕವಿಗಳು ಲಘು ಗುರು, ಲಘು ಗುರು ಅಂತ ಹೆಜ್ಜಿ ಹಾಕತಾರ. ಹೊಸಾ ಚಪ್ಪಲಿ ಕಚ್ಚಿದವರ ನಡಿಗಿ!" ಎಂದು ಮೇಜು ಕುಟ್ಟಿದರು. ಪಕ್ಕದಲ್ಲಿ ಬುತ್ತಿ ಬಿಚ್ಚಿದ್ದ ಗಣಿತದ ಸರ್ ಬುತ್ತಿ ಕಟ್ಟಿಕೊಂಡು ಎದ್ದು ಹೋದರು.

ನಾನು ಶಿವಭಜನೆಯ ಮನೆತನದಿಂದ ಬಂದವಳು, ತವರು ಮಸ್ಕಿ, ಚಿಕ್ಕಂದಿನಿಂದ ವಚನ, ತತ್ವಪದ ಹಾಡಿಕೊಂಡು ಬೆಳೆದವಳು ಎನ್ನುವುದನ್ನು ಅವರು ಯಾರಿಂದಲೋ ಪತ್ತೆ ಮಾಡಿದ್ದರು. ಮರುವಾರ ಒಂದು ಹಾಳೆ ತಂದು ಮುಂದಿಟ್ಟರು. ಇಂಗ್ಲಿಷ್ ಕವಿತೆಯನ್ನು ಕನ್ನಡ ಲಿಪಿಯಲ್ಲಿ ಬರೆದು, ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲೆಲ್ಲ ಕೆಂಪು ಪೆನ್ಸಿಲಿನಿಂದ ಗೀರು ಹಾಕಿದ್ದರು. "ಅರ್ಥ ನಂಗ ಬಿಡು. ನೀ ಉಸಿರು ನೋಡಿಕೋ. ಮಾತು ತಪ್ಪಿದ್ರ ತಿದ್ದಬಹುದು, ಉಸಿರು ತಪ್ಪಿದ್ರ ಪದ ಹೋತು" ಎಂದರು. ಆಮೇಲೆ ಈ ಮಾತನ್ನು ಅವರ ಬಾಯಿಂದ ಕಡಿಮೆಯೆಂದರೂ ಸಾವಿರ ಸಲ ಕೇಳಿದ್ದೇನೆ.

ರಾಗ ಹೊಳೆಯುವುದಕ್ಕೆ ಅವರಿಗೆ ಜಾಗ, ಹೊತ್ತು ಎಂಬುದು ಇರಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಣೆ ಮಾಡುತ್ತಾ ಸಿಳ್ಳೆ ಹಾಕುತ್ತಿದ್ದರು. ಒಮ್ಮೆ ಮಸ್ಕಿಗೆ ಹೋಗುವ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಒಂದು ಸಾಲಿನ ಕೊನೆಯನ್ನು ಗಟ್ಟಿಯಾಗಿ ಸಿಳ್ಳೆ ಹಾಕಿ ನೋಡಿದರು. ಡ್ರೈವರ್ ಗಕ್ಕನೆ ಬ್ರೇಕು ಹಾಕಿದ. ನಿಂತವರೆಲ್ಲ ಮುಂದಿನವರ ಮೈಮೇಲೆ ಬಿದ್ದರು. ಇಳಿಯುವವರು ಯಾರೂ ಇಲ್ಲ, ಸುತ್ತ ಎರೆಹೊಲ. ಅಷ್ಟರಲ್ಲಿ ಸರ್‌ಗೆ ಮುಂದಿನ ಸಾಲು ಹೊಳೆದು ಎರಡು ಸಲ ಸಿಳ್ಳೆ ಹಾಕಿದರು. ಬಸ್ಸು ಹೊರಟಿತು. ಕಂಡಕ್ಟರ್ ಬಂದು ಕೈಮುಗಿದ. "ಸರ, ಸೀಟಿ ಒಂದ ನನಗ ಬಿಟ್ಟುಬಿಡ್ರಿ. ಬೇಕಾದ್ರ ಟಿಕೆಟ್ ನೀವ ಹರೀರಿ" ಎಂದ.

ಹಾಡಿನ ಜೊತೆಗೆ ಊದುವ ವಾದ್ಯಗಳೇ ಬೇಕು ಎಂಬುದು ಅವರ ಹಟ. ತಬಲಾ ಬೇಡ, ಹಾರ್ಮೋನಿಯಂ ಬೇಡ. ಮನುಷ್ಯನ ಉಸಿರಿನಿಂದ ಹುಟ್ಟಿದ ಕವಿತೆಗೆ ಉಸಿರಿನಿಂದ ಹುಟ್ಟುವ ದನಿಯೇ ಜೊತೆಯಾಗಬೇಕಂತೆ. ಹಾಗಾಗಿ ಮಸ್ಕಿಯ ಹನುಮಂತಪ್ಪ ಸಿಕ್ಕರು. ಸುತ್ತ ಹತ್ತು ಹಳ್ಳಿಗಳ ಮದುವೆಗೆ ಅವರದೇ ಸನಾದಿ. ಸಿಂಧನೂರಿನಿಂದ ಖಾಸಿಂಸಾಬ್ ಸಿಕ್ಕರು, ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದುವವರು. ಮೂರು ಊರಿನವರು ಸೇರಲು ನಡುವಿನ ಊರು ಮಸ್ಕಿ, ಕೂಡಲು ನನ್ನ ಸೋದರಮಾವನ ಹತ್ತಿ ಮಿಲ್ಲಿನ ಖಾಲಿ ಶೆಡ್ಡು. ಎಲ್ಲ ಸರಿ. ಆದರೆ ಮದುವೆ ಸೀಸನ್ನಿನಲ್ಲಿ ಅವರಿಬ್ಬರೂ ಕೈಗೆ ಸಿಗುತ್ತಿರಲಿಲ್ಲ. ಹಾಗಾಗಿ ಮದುವೆಗಳಿಲ್ಲದ ಆಷಾಢದ ನಾಲ್ಕು ಭಾನುವಾರಗಳೇ ನಮಗೆ ಉಳಿದವು. ವರ್ಷಕ್ಕೆ ನಾಲ್ಕು ಬೆಳಗು.

ನಮ್ಮತ್ತೆ ಮೊದಲ ವರ್ಷ ಸುಮ್ಮನಿದ್ದರು. ಎರಡನೆಯ ವರ್ಷ ನಾನು ಸೀರೆ ಉಟ್ಟು ಬಸ್‌ಸ್ಟ್ಯಾಂಡಿಗೆ ಹೊರಟಾಗ ಕೇಳಿಯೇಬಿಟ್ಟರು. "ಅಲ್ಲಬೇ, ಹೊಸಾ ಸೊಸಿ ಆಷಾಢಕ್ಕ ತವರಿಗೆ ಹೋಗತಾಳ. ಎರಡ ಮಕ್ಕಳ ತಾಯಿ ನೀ ಯಾಕ ಹೊಂಟಿ?" ಇಂಗ್ಲಿಷ್ ಹಾಡಲು ಹೊರಟಿದ್ದೇನೆ ಎಂದು ಹೇಳುವುದಕ್ಕಿಂತ ತವರಿನ ನೆನಪಾಗಿದೆ ಎಂದು ಹೇಳುವುದೇ ಸುಲಭವಾಗಿತ್ತು.

ಸಣ್ಣ ಸಣ್ಣ ಕವಿತೆಗಳು ಬೇಗ ಮುಗಿದವು. ಅವುಗಳನ್ನು ಸರ್ ಕ್ಲಾಸಿನಲ್ಲಿ ಸಿಳ್ಳೆಯಲ್ಲೇ ಕಲಿಸಿದರು. ಅವರ ಜೀವ ಇದ್ದದ್ದು ಒಂದು ನೀಳ ಕವಿತೆಯಲ್ಲಿ. ಬರೆದವನು ಯಾರೋ ಸಣ್ಣ ಕವಿ. ಸಾಹಿತ್ಯ ಚರಿತ್ರೆಯಲ್ಲಿ ಅವನಿಗೆ ಅರ್ಧ ಸಾಲೂ ಸಿಕ್ಕಿಲ್ಲ ಎಂದು ಸರ್ ನೊಂದುಕೊಳ್ಳುತ್ತಿದ್ದರು. ಅವನ ತಂಗಿ ಎಳೆಯ ವಯಸ್ಸಿಗೆ ತೀರಿಕೊಂಡಳು. ಆ ಮನೆಯ ಖಾಲಿ ಕೋಣೆ, ತೂಗುವುದನ್ನು ನಿಲ್ಲಿಸಿದ ಜೋಕಾಲಿ, ಊಟಕ್ಕೆ ಒಂದು ತಾಟು ಹೆಚ್ಚಾಗಿ ಇಟ್ಟು ಮತ್ತೆ ತೆಗೆದಿಡುವ ತಾಯಿ, ಹೀಗೆ ಒಂಬತ್ತು ಭಾಗಗಳಲ್ಲಿ ಬೆಳೆದ ಶೋಕಗೀತೆ. ಹೈದರಾಬಾದಿನ ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕಿತ್ತಂತೆ. ಇಡೀ ಕವಿತೆಯನ್ನು ಒಮ್ಮೆ, ಒಂದೇ ಒಂದು ಸಲ, ಕೂತು ಕೇಳುವ ಜನರ ಮುಂದೆ ಹಾಡಿಸಬೇಕು ಎಂಬುದು ಅವರ ಆಸೆ. ಇಂಗ್ಲಿಷ್ ಬಾರದವರಿಗೂ ಅದು ಮುಟ್ಟಬೇಕು ಎಂಬುದು ಅದಕ್ಕಿಂತ ದೊಡ್ಡ ಆಸೆ. ಗಣಿತದ ಸರ್ ಒಮ್ಮೆ ಕೇಳಿದ್ದರು. "ಇಂಗ್ಲಿಷ್ ಬಂದ ನಮಗ ತಿಳಿಯಾಂಗಿಲ್ಲ, ಮಸ್ಕಿ ಮಂದಿಗೆ ಏನ ತಿಳೀತೈತ್ರಿ?"

ಎಡವಟ್ಟಾಗಿದ್ದು ಮೊದಲ ಆಷಾಢದ ಮೊದಲ ಭಾನುವಾರವೇ. ಶೆಡ್ಡಿನಲ್ಲಿ ಚಾಪೆ ಹಾಸಿ ಕೂತೆವು. ಸರ್ ಸಿಳ್ಳೆಯಲ್ಲಿ ಮೊದಲ ಭಾಗ ಹೇಳಿಕೊಟ್ಟರು. ಹನುಮಂತಪ್ಪ ಸನಾದಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ವಿನಯದಿಂದ ಕೇಳಿದರು.

"ಸರ, ಇದು ಏನ ಪದಾರಿ? ಮದುವೀದೋ, ಸಾವಿಂದೋ?"

"ಯಾಕಪಾ?"

"ಸಾವಿನ ಪದ ಊದಿದ ಸನಾದಿ ಮದುವಿ ಹಂದರಕ್ಕ ಒಯ್ಯಾಂಗಿಲ್ರಿ ನಾವು. ನಮ್ಮ ಮನ್ಯಾಗ ಹಿಂದಿಂದ ನಡಕೊಂತ ಬಂದೈತಿ."

ಸರ್ ನನ್ನ ಮುಖ ನೋಡಿದರು. ಕಿವಿ ಜಗ್ಗಿದರು. ಆಮೇಲೆ ಜನ್ಮದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಗಟ್ಟಿ ದನಿಯಲ್ಲಿ, "ಛೆ ಛೆ, ಸಾವು ಎಲ್ಲೀದು? ಇದು ಮಗಳನ್ನ ಗಂಡನ ಮನಿಗೆ ಕಳಸೋ ಪದ" ಎಂದರು. ಹನುಮಂತಪ್ಪ ತಲೆಯಾಡಿಸಿ ಸನಾದಿ ಎತ್ತಿಕೊಂಡರು. ಖಾಸಿಂಸಾಬರು, "ಮಾಸ್ತರ್ ಸಾಬ್, ಖುಷೀದಿರಲಿ, ಗಮ್ಮಿಂದಿರಲಿ, ನನಗ ಸುರ್ ಕೊಡ್ರಿ ಸಾಕು" ಎಂದು ಕ್ಲಾರಿನೆಟ್ ಒರೆಸಿದರು. ನಾನು ಹಾಳೆಯ ಮೇಲೆ ಕಣ್ಣಿಟ್ಟು ಸುಮ್ಮನೆ ಕೂತೆ. ತಪ್ಪಿನಲ್ಲಿ ನನ್ನದೂ ಪಾಲಿದೆ.

ಆ ಸುಳ್ಳನ್ನು ಸಾಕುವುದು ಸರ್‌ಗೆ ಕವಿತೆಗಿಂತ ಕಷ್ಟವಾಯಿತು. ಪ್ರತಿವರ್ಷ ಆಷಾಢ ಬಂದು ನಾವು ಹೊಸ ಭಾಗಕ್ಕೆ ಕೈಹಾಕುತ್ತಲೇ ಹನುಮಂತಪ್ಪ ಕೇಳುತ್ತಿದ್ದರು.

"ಈ ವರ್ಷ ಮಗಳು ಎಲ್ಲಿ ತನಕ ಬಂದಾಳ್ರಿ ಸರ?"

"ಹಡಗು ಹತ್ಯಾಳಪಾ. ಗಂಡನ ಮನಿ ದೂರ."

"ಅತ್ತಿ ಹೆಂಗ ಅದಾಳ್ರಿ, ಒಳ್ಳ್ಯಾಕಿ ಅದಾಳೇನು?"

"ಅದು... ಕವಿ ಬರದಿಲ್ಲ."

ಮರುವರ್ಷ, "ಬಸರೇನ್ರಿ?" ಎಂಬ ಪ್ರಶ್ನೆ. ಸರ್ ಬೆವರುತ್ತಾ, "ಇನ್ನೂ ಇಲ್ಲ" ಎಂದರು. ಅದರ ಮರುವರ್ಷ ಹನುಮಂತಪ್ಪ, "ಐದು ವರ್ಷ ಆತ್ರಿ, ಯಾರಿಗಾರ ತೋರಿಸ್ಯಾರೇನು?" ಎಂದು ಕಳಕಳಿಯಿಂದ ವಿಚಾರಿಸಿದರು. ಆ ದಿನ ಬಸ್ಸಿನಲ್ಲಿ ಹಿಂದಿರುಗುವಾಗ ಸರ್, "ತಂಗೀ, ಮುಂದಿನ ವರ್ಷ ಆಕಿಗೆ ಒಂದು ಗಂಡಮಗು ಕೊಟ್ಟುಬಿಡಲಾ?" ಎಂದು ಕೇಳಿದರು. ನಕ್ಕು ನಕ್ಕು ನನಗೆ ಹೊಟ್ಟೆ ನೋವು ಬಂತು.

ಆದರೆ ನಗು ಎಲ್ಲ ದಿನವೂ ಇರಲಿಲ್ಲ. ನನ್ನ ತಮ್ಮನ ಮದುವೆ ಮಸ್ಕಿಯಲ್ಲೇ ಆಯಿತು. ಹಂದರದಲ್ಲಿ ಹನುಮಂತಪ್ಪ ಸನಾದಿ ಹಿಡಿದು ಕೂತಿದ್ದರು. ಅಕ್ಕಿಕಾಳು ಹಾಕುವ ಹೊತ್ತಿಗೆ ಆ ದನಿ ಎದ್ದಿತು, ನಾನು ಅಕ್ಕಿಕಾಳು ಹಾಕುವುದನ್ನೇ ಮರೆತೆ. ನೇಮ ಅವರ ಮನೆಯದು, ಅದನ್ನು ಮುರಿದವರು ನಾವು, ಮುರಿದದ್ದು ಆ ಮನುಷ್ಯನಿಗೆ ಗೊತ್ತೇ ಇಲ್ಲ. ನಾನು ಅಂಥ ನೇಮಗಳನ್ನು ನಂಬುವವಳೋ ಅಲ್ಲವೋ ಎಂಬುದು ಬೇರೆ ಮಾತು. ಅವರು ನಂಬುತ್ತಿದ್ದರು.

ಮಾರನೆಯ ವಾರ ಸ್ಟಾಫ್ ರೂಮಿನಲ್ಲಿ ಸರ್ ಜೊತೆ ಜಗಳ ಕಾಯ್ದೆ.

"ಸರ, ಆತಗ ಹೇಳಿಬಿಡ್ರಿ. ಇದು ಚಲೋ ಅಲ್ಲ."

"ಹೇಳಿದ್ರ ಆತ ಬರಾಂಗಿಲ್ಲ ತಂಗಿ. ಆತ ಬರಲಿಲ್ಲಂದ್ರ ಈ ಪದ ಇಲ್ಲ."

"ಆತನ ನೇಮ ಮುರದು ಕಟ್ಟಿದ ಪದ ಯಾರಿಗೆ ಬೇಕಾಗೇತ್ರಿ?"

ಅವರು ಹಾಜರಿ ಬುಕ್ಕು ಎತ್ತಿಕೊಂಡು ಕ್ಲಾಸಿಗೆ ಹೊರಟುಹೋದರು. ಎರಡು ವಾರ ನನ್ನನ್ನು ತಂಗಿ ಎನ್ನಲಿಲ್ಲ, ಮೇಡಂ ಎಂದರು. ಆ ಎರಡು ವಾರ ನನಗೂ ಊಟ ಸೇರಲಿಲ್ಲ. ಇಷ್ಟಾದರೂ ಮುಂದಿನ ಆಷಾಢಕ್ಕೆ ನಾನು ಮಸ್ಕಿಯ ಬಸ್ಸು ಹತ್ತಿದೆ. ನಿಜ ಹೇಳಬೇಕೆಂದರೆ ನನಗೆ ಹಾಡುವ ಚಟ ಹತ್ತಿತ್ತು. ಕ್ಲಾರಿನೆಟ್ ಕೆಳಗೆ ಮೆಲ್ಲಗೆ ಹರಿಯುತ್ತಿದ್ದರೆ, ಸನಾದಿ ನನ್ನ ಸಾಲಿನ ಕೊನೆಯನ್ನು ಹಿಡಿದು ಮೇಲೆ ಒಯ್ಯುತ್ತಿದ್ದರೆ, ನನಗೆ ತಿಳಿಯದ ಭಾಷೆಯಲ್ಲಿ ನಾನೇ ಅಳುತ್ತಿದ್ದೇನೆ ಅನಿಸುತ್ತಿತ್ತು.

ಹನ್ನೊಂದು ಆಷಾಢ ಕಳೆದವು. ಒಂಬತ್ತು ಭಾಗ ಮುಗಿಸಲು ಇಷ್ಟು ವರ್ಷ ಬೇಕಿರಲಿಲ್ಲ. ಸರ್ ಮುಗಿದ ಭಾಗವನ್ನು ಮತ್ತೆ ಬಿಚ್ಚುತ್ತಿದ್ದರು. ಒಮ್ಮೆ ಎರಡು ವರ್ಷದ ಕೆಲಸವನ್ನು, "ಇಲ್ಲಿ ತಾಯಿ ಸುಳ್ಳ ಅಳಾಕತ್ಯಾಳ" ಎಂದು ಪೂರಾ ಕಿತ್ತುಹಾಕಿದರು. ಕೊನೆಗೆ ನಿವೃತ್ತಿಯ ವರ್ಷ ಬಂತು. ಆ ವರ್ಷದ ಕಾಲೇಜಿನ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಪುಷ್ಯದಲ್ಲೇ ಆಗಲಿ ಎಂದು ಸರ್ ಪ್ರಿನ್ಸಿಪಾಲರಿಗೆ ಗಂಟುಬಿದ್ದರು, ಆಗಲೂ ಮದುವೆ ಇರುವುದಿಲ್ಲವಲ್ಲ. ಫ್ಯಾನ್ಸಿ ಡ್ರೆಸ್ಸಿಗೂ ಕೋಲಾಟಕ್ಕೂ ನಡುವೆ ಇಪ್ಪತ್ತು ನಿಮಿಷ ಸಿಕ್ಕಿತು.

ಅಂದು ಮಧ್ಯಾಹ್ನ ಶಾಮಿಯಾನಾ ತುಂಬಿತ್ತು. ನಾವು ಮೂವರೂ ವೇದಿಕೆಯ ಮೇಲೆ ಕೂತೆವು. ಹನುಮಂತಪ್ಪ ಸನಾದಿಯ ಪೀಪಿಯನ್ನು ಬಾಯಲ್ಲಿಟ್ಟುಕೊಂಡು ಹಸಿ ಮಾಡಿಕೊಳ್ಳುತ್ತಿದ್ದರು. ಸರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೈಕಿನ ಮುಂದೆ ನಿಂತರು. "ಈಗ ಒಂದು ಹಾಡು" ಎಂದು ಹೇಳಿ, ಕೆಳಗಿಳಿದು ಕೈ ಎತ್ತಿ ನಮಗೆ ಸನ್ನೆ ಕೊಡಬೇಕು, ಅಷ್ಟೇ ಮಾತಾಗಿತ್ತು. ಆದರೆ ಮೂವತ್ತು ವರ್ಷ ಪಾಠ ಮಾಡಿದ ಬಾಯಿ. ಮೊದಲು ಸಾರಾಂಶ, ಆಮೇಲೆ ಪದ್ಯ. ಹುಡುಗರನ್ನು ಕಂಡದ್ದೇ ತಡ, ಕ್ಲಾಸು ಎಂದುಕೊಂಡು ಶುರುಮಾಡಿಯೇಬಿಟ್ಟರು.

"ಮಕ್ಕಳೇ, ಈ ಕವಿತೆಯಲ್ಲಿ ಕವಿ ತೀರಿಕೊಂಡ ತನ್ನ ತಂಗಿಯನ್ನು ನೆನೆದು ಶೋಕಿಸುತ್ತಾನೆ. ಇದೊಂದು ಸಾವಿನ..."

ಅಲ್ಲಿಗೆ ನಿಂತರು. ಮೈಕು ಕುಂಯ್ ಎಂದಿತು. ಅವರು ತಿರುಗಿ ನೋಡಲಿಲ್ಲ. ಬೆನ್ನಿನ ಮೇಲೆ ಆ ಇಸ್ತ್ರಿ ಅಂಗಿ ಒದ್ದೆಯಾಗುತ್ತಿರುವುದು ನನಗೆ ಕಾಣುತ್ತಿತ್ತು. ಹನ್ನೊಂದು ವರ್ಷದ ಕೆಲಸ, ಇನ್ನು ಆ ಮನುಷ್ಯ ಎದ್ದು ಹೋದರೆ ಮುಗಿಯಿತು, ಹೋಗುವ ಹಕ್ಕೂ ಅವರಿಗಿದೆ. ನಾನು ಹನುಮಂತಪ್ಪನ ಕಡೆ ನೋಡಿದೆ.

ಅವರು ಬಾಯಿಂದ ಪೀಪಿ ತೆಗೆದು ಸನಾದಿಗೆ ಸಿಕ್ಕಿಸಿ, "ಹೂಂ, ಕೈ ಎತ್ರಿ ಸರ. ಮಂದಿ ಚಾದಂಗಡಿ ಕಡೆ ನೋಡಾಕತ್ತಾರ" ಎಂದರು.

ಹಾಡಿದೆವು. ಜನ ಮೂಕವಿಸ್ಮಿತರಾದರು ಎಂದು ಬರೆದರೆ ಸರ್ ಎದ್ದು ಬಂದು ಕೆಂಪು ಗೀರು ಹಾಕುತ್ತಾರೆ. ಕೋಲಾಟದ ಹುಡುಗರು ಪಕ್ಕದಲ್ಲಿ ಕೋಲು ತಟ್ಟಿ ನೋಡುತ್ತಿದ್ದರು. ಮುಂದಿನ ಸಾಲಿನ ಅತಿಥಿಯೊಬ್ಬರು ಆಕಳಿಸಿದರು. ಆದರೆ ಹೆಣ್ಣುಮಕ್ಕಳ ಕಡೆಯ ಎರಡು ಸಾಲು ಅಲುಗಾಡದೆ ಕೂತಿದ್ದವು. ಒಂಬತ್ತನೆಯ ಭಾಗದಲ್ಲಿ ನಾನು ನಿಲ್ಲಿಸಿದ ಮೇಲೆ ಸನಾದಿ ಒಂದೇ ಉಳಿಯುತ್ತದೆ, ಅದು ಇಳಿಯುತ್ತಾ ಇಳಿಯುತ್ತಾ ಇಲ್ಲವಾಗಬೇಕು. ಹನುಮಂತಪ್ಪ ಅಷ್ಟು ಉದ್ದ ಉಸಿರು ಹಿಡಿದದ್ದನ್ನು ನಾನು ಶೆಡ್ಡಿನಲ್ಲಿ ಯಾವತ್ತೂ ಕೇಳಿರಲಿಲ್ಲ. ಪ್ರಿನ್ಸಿಪಾಲರು ಮೈಕು ಹಿಡಿದು, ಇಂಗ್ಲಿಷ್ ಭಜನೆ ಬಹಳ ಚೆನ್ನಾಗಿತ್ತು ಎಂದು ಧನ್ಯವಾದ ಹೇಳಿದರು.

ಕೆಮಿಸ್ಟ್ರಿ ಲ್ಯಾಬಿನ ಪಡಸಾಲೆಯಲ್ಲಿ ಚಹಾ ಇಟ್ಟಿದ್ದರು. ಸರ್ ಕಪ್ಪು ಮುಟ್ಟಲಿಲ್ಲ. ನೆಟ್ಟಗೆ ಹನುಮಂತಪ್ಪನ ಮುಂದೆ ಹೋಗಿ ಕೈಜೋಡಿಸಿದರು.

"ತಪ್ಪಾತಪಾ. ನಿನ್ನ ಸನಾದಿ ಮೈಲಿಗಿ ಮಾಡಿದೆ. ಹನ್ನೊಂದ ವರ್ಷ ಸುಳ್ಳು ಹೇಳೀನಿ."

"ಕೈ ಇಳಸ್ರಿ ಸರ, ನೀವು ದೊಡ್ಡವರು. ಇದು ಮದುವಿ ಸನಾದಿ ಅಲ್ರಿ. ನಮ್ಮಪ್ಪಂದು. ಅವ ಹೋದಾಗಿಂದ ಗ್ವಾಡಿ ಮ್ಯಾಲ ಗೂಟಕ್ಕ ಜೋತುಬಿದ್ದಿತ್ತು. ಆ ಮದಲನೇ ಐತವಾರ ಅಷ್ಟ ನಂದು ತಂದಿದ್ದೆ. ಆವತ್ತ ನೀವು ಹೇಳಿಕೊಟ್ರಿ, ನಾ ಒಂದ ಸಾಲನೂ ಊದಲಿಲ್ಲ, ಸುಮ್ಮನ ಹಿಡಕೊಂಡು ಕೇಳಿದೆ, ನೆನಪೈತೇನು? ಎರಡನೇ ಐತವಾರದಿಂದ ಇದನ್ನ ತರಾಕತ್ತೀನಿ."

ಅಂದರೆ ನನ್ನ ತಮ್ಮನ ಹಂದರದಲ್ಲಿ ಊದಿದ್ದು ಬೇರೆಯದೇ ಸನಾದಿ. ಸರ್ ನನ್ನ ಕಡೆ ತಿರುಗಿದರು. ನಾನಲ್ಲ, ನಾನು ಹೇಳಿಲ್ಲ ಎಂದು ತಲೆಯಾಡಿಸಿದೆ.

"ಮತ್ತ ವರ್ಷಾ ವರ್ಷಾ ಮಗಳ ಸುದ್ದಿ ಯಾಕ ಕೇಳತಿದ್ದಿ?"

"ನೀವು ಏನ ಹೇಳತೀರಿ ನೋಡೂಣಂತ ಕೇಳತಿದ್ನಿರಿ" ಎಂದರು ಹನುಮಂತಪ್ಪ, ಮುಖದ ಒಂದು ಗೆರೆಯೂ ಅಲುಗದ ಹಾಗೆ. ಖಾಸಿಂಸಾಬರ ಚಹಾ ಮೂಗಿಗೆ ಹತ್ತಿತು. ಇವರಿಬ್ಬರೂ ಸೇರಿಯೇ ನಮ್ಮನ್ನು ಕುಣಿಸಿದ್ದರು ಎನ್ನುವುದು ಆ ಕೆಮ್ಮಿನಲ್ಲೇ ತಿಳಿಯಿತು.

ಸರ್ ಮಾತ್ರ ನಗಲಿಲ್ಲ. "ಇಂಗ್ಲಿಷ್ ಒಂದಕ್ಷರ ನಿನಗ ಬರಾಂಗಿಲ್ಲ. ಯಾರ ಹೇಳಿದ್ರು?" ಎಂದು ಕೇಳಿದರು.

"ಯಾರ ಹೇಳಬೇಕ್ರಿ? ನೀವ ಸೀಟಿ ಹೊಡದ್ರಲ್ಲ. ನಾ ಎಷ್ಟೋ ಹೆಣ್ಣಮಕ್ಕಳನ್ನ ಊದಿ ಗಂಡನ ಮನಿಗೆ ಕಳಿಸೀನ್ರಿ ಸರ, ನನ್ನ ಮೂರು ಮಂದಿನ್ನ ಸೈತ. ಆ ಅಳು ಹೆಂಗಿರತೈತಿ ನನಗ ಗೊತ್ತೈತಿ. ಎಷ್ಟ ಅತ್ತರೂ ಅದ್ರೊಳಗ ಒಂದಿಷ್ಟು ನಾಗರಪಂಚಮಿ ಇರತೈತ್ರಿ. ಅಣ್ಣ ಕರಿಯಾಕ ಹೋಗತಾನ, ಮಗಳು ತವರಿಗೆ ಬರತಾಳ. ನಿಮ್ಮ ಪದದಾಗ ಪಂಚಮಿನ ಇಲ್ಲ. ಆಕಿ ಹೊಳ್ಳಿ ಬರಾಂಗಿಲ್ಲ."

ಸರ್ ಅಲ್ಲೇ ಪಡಸಾಲೆಯ ಮೆಟ್ಟಿಲಿನ ಮೇಲೆ ಕೂತು, ಹಾದುಹೋಗುತ್ತಿದ್ದ ಹುಡುಗರ ಎದುರಿಗೇ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತರು. ಹನುಮಂತಪ್ಪ ಅವರ ಪಕ್ಕದಲ್ಲಿ ಕೂತು ಸಮಾಧಾನವಾಗಿ ಚಹಾ ಕುಡಿದರು.